‘ಸಕ್ರಿಯ ಸೆಷನ್’ ಅಂದರೆ ಯಾವುದು? ಡೇಟಾಬೇಸ್ ಸರ್ವರ್‌ನ ಸೆಷನ್ ಸ್ಥಿತಿಗಳಿಗೆ ಕನ್ನಡ ಪದಗಳು

ಗೆಳೆಯರೇ,

ಡೇಟಾಬೇಸ್ ಸರ್ವರ್ ನೋಡಿಕೊಳ್ಳಲು ಹೊಸದಾಗಿ ಬರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್ ನಿಧಾನವಾದಾಗ ಅದರೊಳಗೆ ಯಾರು ಯಾರು ಇದ್ದಾರೆ, ಏನು ಮಾಡುತ್ತಿದ್ದಾರೆ, ಯಾರ ದೆಸೆಯಿಂದ ಯಾರು ಕಾಯುತ್ತಿದ್ದಾರೆ ಅಂತ ಕಂಡುಹಿಡಿಯುವ ಅಧ್ಯಾಯ ಅದರಲ್ಲಿದೆ. ಸರ್ವರ್‌ಗೆ ಒಬ್ಬರು ಸೇರಿಕೊಂಡಾಗಿನಿಂದ ಬಿಡುವವರೆಗಿನ ಒಡನಾಟವೇ ‘ಸೆಷನ್’. ಅಲ್ಲಿ ‘ಆಕ್ಟಿವ್ ಸೆಷನ್’ ಅನ್ನುವ ಕಡೆಯಲ್ಲೆಲ್ಲ ‘ಸಕ್ರಿಯ ಸೆಷನ್’ ಅಂತ ಬರೆದುಬಿಡಬಹುದೇ? ಇದು ನನ್ನ ಪ್ರಶ್ನೆ. ಬೇಡ ಅಂತ ನನಗೆ ಬಲವಾಗಿ ಅನಿಸುತ್ತಿದೆ. ಕಾರಣ ಹೇಳುತ್ತೇನೆ, ನಿಮ್ಮ ಅಭಿಪ್ರಾಯ ತಿಳಿಸಿ.

ಈಗ ಕನ್ನಡದಲ್ಲಿ ‘ಸಕ್ರಿಯ’ ಎಲ್ಲೆಲ್ಲಿ ಕಾಣುತ್ತದೆ ನೋಡಿ. ‘ನಿಮ್ಮ ಖಾತೆ ಸಕ್ರಿಯವಾಗಿದೆ’, ‘ಸಿಮ್ ಸಕ್ರಿಯವಾಗಿದೆ’. ಇಲ್ಲೆಲ್ಲ ಅದರ ಅರ್ಥ ‘ಇನ್ನೂ ಜಾರಿಯಲ್ಲಿದೆ, ರದ್ದಾಗಿಲ್ಲ’ ಅಂತ. ಖಾತೆ ಆ ಕ್ಷಣ ಏನೋ ಕೆಲಸ ಮಾಡುತ್ತಿದೆ ಅಂತ ಯಾರೂ ತಿಳಿಯುವುದಿಲ್ಲ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ‘ಆಕ್ಟಿವ್ ಸೆಷನ್ಸ್’ ಒತ್ತಿದರೆ ನೀವು ಲಾಗಿನ್ ಆಗಿರುವ ಸಾಧನಗಳೆಲ್ಲ ಬರುತ್ತವೆ. ಮನೆಯಲ್ಲಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಕೂಡ ಆ ಪಟ್ಟಿಯಲ್ಲಿರುತ್ತದೆ. ಅಲ್ಲಿಗೆ ‘ಸಕ್ರಿಯ ಸೆಷನ್’ ಅಂದ ಕೂಡಲೇ ಓದುಗರ ತಲೆಗೆ ಬರುವುದು ‘ಮುಗಿಯದೆ ಉಳಿದಿರುವ ಎಲ್ಲ ಸೆಷನ್’. ಡೇಟಾಬೇಸ್ ಸರ್ವರ್ ಆ ಮಾತನ್ನು ಬಳಸುವುದು ಬೇರೆಯೇ ಅರ್ಥದಲ್ಲಿ: ‘ಈ ಕ್ಷಣ ಕೈಯಲ್ಲಿ ಒಂದು ಕ್ವೆರಿ ಇರುವ ಸೆಷನ್’. ಕ್ವೆರಿ ಅಂದರೆ ಸರ್ವರ್‌ಗೆ ಕೊಟ್ಟ ಒಂದು ಆದೇಶ. ಸರ್ವರ್‌ಗೆ ಇನ್ನೂರು ಸೆಷನ್ ಸೇರಿಕೊಂಡಿದ್ದರೂ ಈ ಅರ್ಥದಲ್ಲಿ ಆಕ್ಟಿವ್ ಆಗಿರುವುದು ಐದೇ ಇರಬಹುದು. ಅಪ್ಲಿಕೇಶನ್‌ಗಳು ಕನೆಕ್ಷನ್ ಪೂಲ್ ಇಟ್ಟುಕೊಂಡು ಮೊದಲೇ ಒಂದಷ್ಟು ಸೆಷನ್ ತೆರೆದಿಡುತ್ತವೆ. ಅವುಗಳಲ್ಲಿ ಬಹುಪಾಲು ಹೆಚ್ಚಿನ ಹೊತ್ತು ಸುಮ್ಮನೇ ಇರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ‘ಸಕ್ರಿಯ’ ಅಂದರೆ ಹುರುಪಿನಿಂದ ಕೆಲಸ ಮಾಡುವುದು, ‘ನಿಷ್ಕ್ರಿಯ’ ಅಂದರೆ ಏನೂ ಮಾಡದೆ ಬಿದ್ದಿರುವುದು ಅಂತ ನಮ್ಮ ಮನಸ್ಸಿನಲ್ಲಿ ಕೂತಿದೆ. ಸರ್ವರ್‌ನಲ್ಲಿ ನಿಜವಾದ ತೊಂದರೆ ಆದಾಗ ಇದು ತಲೆಕೆಳಗಾಗುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್‌ನಲ್ಲಿ ಎರಡು ಸೆಷನ್ ತೆರೆಯಿರಿ. ಮೊದಲನೆಯದರಲ್ಲಿ ‘ಬಿಗಿನ್’ ಕೊಟ್ಟು ಟ್ರಾನ್ಸಾಕ್ಷನ್ (ಒಟ್ಟಾಗಿ ಆಗಬೇಕಾದ ಬದಲಾವಣೆಗಳ ಗುಂಪು) ಶುರು ಮಾಡಿ, ಟೇಬಲ್‌ನ ಒಂದು ಸಾಲನ್ನು ಅಪ್‌ಡೇಟ್ ಮಾಡಿ, ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ ಆದೇಶ) ಕೊಡದೆ ಬಿಟ್ಟುಬಿಡಿ. ಎರಡನೆಯದರಲ್ಲಿ ಅದೇ ಸಾಲನ್ನು ಅಪ್‌ಡೇಟ್ ಮಾಡಲು ಹೋಗಿ. ಅದು ಅಲ್ಲೇ ನಿಲ್ಲುತ್ತದೆ. ಈಗ ಮೂರನೇ ಕಡೆಯಿಂದ ಸೆಷನ್‌ಗಳ ಪಟ್ಟಿಯಾದ ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’ ನೋಡಿದರೆ ಏನು ಕಾಣುತ್ತದೆ? ಒಂದು ಹೆಜ್ಜೆಯೂ ಮುಂದೆ ಹೋಗದೆ ಸಿಕ್ಕಿಕೊಂಡಿರುವ ಎರಡನೇ ಸೆಷನ್‌ನ ಮುಂದೆ ‘ಆಕ್ಟಿವ್’. ಎಲ್ಲಕ್ಕೂ ಕಾರಣವಾಗಿ ಸಾಲನ್ನು ಹಿಡಿದಿಟ್ಟಿರುವ ಮೊದಲನೆಯದರ ಮುಂದೆ ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ನಡುವೆ ಸುಮ್ಮನಿದೆ ಅಂತ. ‘ಸಕ್ರಿಯ ಸೆಷನ್‌ಗಳನ್ನು ಹುಡುಕಿ’ ಅಂತ ಕೈಪಿಡಿಯಲ್ಲಿ ಬರೆದರೆ ಓದಿದವರು ಎರಡನೆಯದನ್ನು ಹಿಡಿದು ಕಡಿದುಹಾಕುತ್ತಾರೆ. ಅಡ್ಡ ಕೂತಿರುವುದು ಹಾಗೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಇನ್ನೊಂದು ಸರದಿ ಬೆಳೆದಿರುತ್ತದೆ.

ಎರಡನೇ ಸೆಷನ್ ಕಾಯುತ್ತಿದೆ ಅಂತ ತಿಳಿಯಲು ‘ಸ್ಟೇಟ್’ ಕಾಲಂ ಸಾಲದು, ಪಕ್ಕದ ‘ವೇಯ್ಟ್_ಇವೆಂಟ್_ಟೈಪ್’ ನೋಡಬೇಕು. ಅಲ್ಲಿ ‘ಲಾಕ್’ (ಬೇರೆಯವರು ಬದಲಾಯಿಸದಂತೆ ಹಾಕಿದ ಬೀಗ) ಅಂತ ಇರುತ್ತದೆ. ಯಾರಿಗಾಗಿ ಕಾಯುತ್ತಿದೆ ಅಂತ ಕೇಳಲು ‘ಪಿಜಿ_ಬ್ಲಾಕಿಂಗ್_ಪಿಡ್ಸ್’ ಇದೆ. ‘ಕ್ವೆರಿ’ ಕಾಲಂ ಬಗ್ಗೆ ಮಾತ್ರ ತುಂಬಾ ಎಚ್ಚರ ಬೇಕು. ಸೆಷನ್ ಆಕ್ಟಿವ್ ಆಗಿದ್ದರೆ ಅದು ಈಗ ನಡೆಯುತ್ತಿರುವ ಕ್ವೆರಿ. ಇಲ್ಲದಿದ್ದರೆ ಕೊನೆಯದಾಗಿ ನಡೆದದ್ದು. ಮೊದಲನೇ ಸೆಷನ್ ಅಪ್‌ಡೇಟ್ ಆದ ಮೇಲೆ ಒಂದು ಸಣ್ಣ ಸೆಲೆಕ್ಟ್ (ಓದುವ ಕ್ವೆರಿ) ಮಾಡಿದ್ದರೆ ಅಲ್ಲಿ ಆ ಸೆಲೆಕ್ಟ್ ಅಷ್ಟೇ ಕಾಣುತ್ತದೆ, ಲಾಕ್ ಹಿಡಿದ ಅಪ್‌ಡೇಟ್ ಕಾಣುವುದಿಲ್ಲ. 2012ರಲ್ಲಿ ಬಂದ 9.2 ಆವೃತ್ತಿಗೆ ಮುಂಚೆ ಈ ಕಾಲಂ ಹೆಸರು ‘ಕರೆಂಟ್_ಕ್ವೆರಿ’ ಅಂತಿತ್ತು. ಐಡಲ್ ಅನ್ನುವ ಸ್ಥಿತಿಯನ್ನೂ ಕ್ವೆರಿ ಇರಬೇಕಾದ ಜಾಗದಲ್ಲೇ ತುಂಬುತ್ತಿದ್ದರು. ಆಮೇಲೆ ಸ್ಥಿತಿಗೆ ಬೇರೆ ಕಾಲಂ ಮಾಡಿ, ‘ಕರೆಂಟ್’ ಅನ್ನುವ ಮಾತನ್ನು ತೆಗೆದರು. ಪದ ಸರಿಯಾಗಿಲ್ಲ ಅನಿಸಿದಾಗ ಅದನ್ನು ಕಟ್ಟಿದವರೇ ಬದಲಾಯಿಸಿದ್ದಾರೆ. ನಾವು ಕನ್ನಡದಲ್ಲಿ ಹೊಸದಾಗಿ ಬರೆಯುವಾಗ ಇನ್ನಷ್ಟು ಯೋಚಿಸಬೇಕು ಅಲ್ವಾ?

ಬೇರೆ ಸರ್ವರ್‌ಗಳ ಮಾತೂ ಒಂದೇ ಥರ ಇಲ್ಲ. ಒರಾಕಲ್‌ನ ಸೆಷನ್ ಪಟ್ಟಿಯಾದ ‘ವಿ ಡಾಲರ್ ಸೆಷನ್’ನಲ್ಲಿ ಆಕ್ಟಿವ್, ಇನ್‌ಆಕ್ಟಿವ್, ಕಿಲ್ಡ್, ಸ್ನೈಪ್ಡ್ ಅಂತೆಲ್ಲ ಬರುತ್ತದೆ. ಮೇಲಿನ ಪ್ರಯೋಗವನ್ನು ಅಲ್ಲಿ ಮಾಡಿದರೆ ಸಾಲು ಹಿಡಿದದ್ದು ಇನ್‌ಆಕ್ಟಿವ್, ಕಾಯುವುದು ಆಕ್ಟಿವ್. ಅದೇ ಒರಾಕಲ್‌ನ ‘ಆಕ್ಟಿವ್ ಸೆಷನ್ ಹಿಸ್ಟರಿ’ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಸಿಪಿಯು ಮೇಲಿರುವ ಇಲ್ಲವೇ ಐಡಲ್ ಅಲ್ಲದ ಯಾವುದಾದರೂ ಕಾರಣಕ್ಕೆ ಕಾಯುತ್ತಿರುವ ಸೆಷನ್‌ಗಳನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಕಾಯುವುದೂ ಅಲ್ಲಿ ಆಕ್ಟಿವ್ ಲೆಕ್ಕಕ್ಕೇ. ಮೈಎಸ್‌ಕ್ಯೂಎಲ್‌ನಲ್ಲಿ ಪಟ್ಟಿಯ ಹೆಸರೇ ‘ಪ್ರೊಸೆಸ್‌ಲಿಸ್ಟ್’, ಆದರೆ ಅದರಲ್ಲಿರುವುದು ಪ್ರೊಸೆಸ್‌ಗಳಲ್ಲ, ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗೆ ಸಾಗುವ ಕೆಲಸದ ಎಳೆಗಳು). ಅಲ್ಲಿ ಸುಮ್ಮನಿರುವ ಸೆಷನ್‌ಗೆ ‘ಸ್ಲೀಪ್’ ಅನ್ನುತ್ತಾರೆ. ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿದ್ದರೂ ‘ಸ್ಲೀಪ್’, ಏನೂ ಇಲ್ಲದೆ ಸುಮ್ಮನಿದ್ದರೂ ‘ಸ್ಲೀಪ್’. ವ್ಯತ್ಯಾಸ ತಿಳಿಯಲು ತೆರೆದ ಟ್ರಾನ್ಸಾಕ್ಷನ್‌ಗಳ ಪಟ್ಟಿಯಿರುವ ‘ಇನ್ನೊಡಿಬಿ_ಟಿಆರ್‌ಎಕ್ಸ್’ ಟೇಬಲ್ ಜೊತೆ ಹೋಲಿಸಿ ನೋಡಬೇಕು. ಆದರೆ ಮೈಎಸ್‌ಕ್ಯೂಎಲ್‌ನ ಎರಡು ಎಣಿಕೆಗಳ ಹೆಸರು ನನಗೆ ಬಹಳ ಇಷ್ಟ: ‘ಥ್ರೆಡ್ಸ್_ಕನೆಕ್ಟೆಡ್’ ಮತ್ತು ‘ಥ್ರೆಡ್ಸ್_ರನ್ನಿಂಗ್’. ಸೇರಿಕೊಂಡಿರುವವು ಎಷ್ಟು, ಕೆಲಸ ನಡೆಸುತ್ತಿರುವವು ಎಷ್ಟು ಅಂತ ಗೊಂದಲವಿಲ್ಲದೆ ಹೇಳುತ್ತವೆ.

ಎಸ್‌ಕ್ಯೂಎಲ್ ಸರ್ವರ್‌ನವರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ್ದಾರೆ ಅಂತ ನನ್ನ ಅಭಿಪ್ರಾಯ. ಅಲ್ಲಿ ‘ಡಿಎಂ_ಎಕ್ಸೆಕ್_ಸೆಷನ್ಸ್’ ಬೇರೆ, ‘ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್’ ಬೇರೆ. ಒಳಗಿರುವವರೆಲ್ಲ ಮೊದಲನೆಯದರಲ್ಲಿ, ಈಗ ನಡೆಯುತ್ತಿರುವ ಕೆಲಸ ಎರಡನೆಯದರಲ್ಲಿ. ಕಾಯುವ ಕೆಲಸಕ್ಕೆ ‘ಸಸ್ಪೆಂಡೆಡ್’ ಅನ್ನುತ್ತಾರೆ, ಸಿಪಿಯು ಸರದಿಯಲ್ಲಿ ಇರುವುದಕ್ಕೆ ‘ರನ್ನಬಲ್’, ಸಿಪಿಯು ಮೇಲೆ ಇರುವುದಕ್ಕೆ ‘ರನ್ನಿಂಗ್’. ‘ಆಕ್ಟಿವ್’ ಅನ್ನುವ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ನಾನು ಸದ್ಯಕ್ಕೆ ಹೀಗೆ ಬರೆಯುತ್ತಿದ್ದೇನೆ. ‘ಸೆಷನ್’ ಹಾಗೇ ಇರಲಿ. ‘ಅಧಿವೇಶನ’ ಅಂದರೆ ಜನ ಸೇರಿ ಸಭೆ ನಡೆಸುವುದು, ‘ಅವಧಿ’ ಅಂದರೆ ಬರೀ ಕಾಲ. ಎರಡೂ ಇಲ್ಲಿ ಹೊಂದುವುದಿಲ್ಲ. ‘ಸಂಪರ್ಕ’ವನ್ನು ಕನೆಕ್ಷನ್‌ಗೆ ಬಿಟ್ಟುಕೊಡೋಣ, ಯಾಕೆಂದರೆ ಒರಾಕಲ್‌ನಲ್ಲಿ ಒಂದೇ ಕನೆಕ್ಷನ್ ಮೇಲೆ ಒಂದಕ್ಕಿಂತ ಜಾಸ್ತಿ ಸೆಷನ್ ಇರಬಹುದು. ಮುಗಿಯದೆ ಇರುವ ಎಲ್ಲವೂ ‘ತೆರೆದ ಸೆಷನ್’. ಕೈಯಲ್ಲಿ ಕ್ವೆರಿ ಇದ್ದರೆ ‘ಕೆಲಸದಲ್ಲಿರುವ ಸೆಷನ್’. ಅದರಲ್ಲೇ ಮುಂದೆ ಸಾಗುತ್ತಿದ್ದರೆ ‘ಓಡುತ್ತಿರುವ’, ಲಾಕ್‌ಗೋ ಡಿಸ್ಕ್‌ಗೋ ನಿಂತಿದ್ದರೆ ‘ಕಾಯುತ್ತಿರುವ’. ಬೇರೆಯವರನ್ನು ಕಾಯಿಸುತ್ತಿರುವುದು ‘ಅಡ್ಡ ನಿಂತ ಸೆಷನ್’. ‘ಮಾನಿಟರಿಂಗ್’ಗೆ ‘ನಿಗಾ’ ಸಾಕು. ‘ಮೇಲ್ವಿಚಾರಣೆ’ ಅಂದರೆ ಯಾರಿಂದಲೋ ಕೆಲಸ ಮಾಡಿಸುವ ವಾಸನೆ ಬರುತ್ತದೆ.

‘ಐಡಲ್’ಗೆ ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ‘ನಿಷ್ಕ್ರಿಯ’ ಅಂದರೆ ಸತ್ತುಹೋದದ್ದು, ನಿಲ್ಲಿಸಿಬಿಟ್ಟದ್ದು ಅನ್ನುವ ಭಾವ. ಐಡಲ್ ಸೆಷನ್ ಮುಂದಿನ ಮಿಲಿಸೆಕೆಂಡ್‌ನಲ್ಲೇ ಕೆಲಸಕ್ಕೆ ಇಳಿಯಬಹುದು. ‘ಬಿಡುವಾಗಿರುವ’ ಚೆನ್ನಾಗಿದೆ, ಕರೆದರೆ ಬರುತ್ತದೆ ಅನ್ನುವ ಅರ್ಥ ಅದರಲ್ಲಿದೆ. ಆದರೆ ಟ್ರಾನ್ಸಾಕ್ಷನ್ ಹಿಡಿದು ಕೂತಿರುವುದನ್ನು ‘ಬಿಡುವಾಗಿದೆ’ ಅನ್ನಲು ಬರುವುದಿಲ್ಲ, ಅದರ ಕೈ ಖಾಲಿ ಇಲ್ಲವಲ್ಲ. ಅದಕ್ಕೆ ‘ಟ್ರಾನ್ಸಾಕ್ಷನ್ ನಡುವೆ ಸುಮ್ಮನಿರುವ ಸೆಷನ್’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಇಲ್ಲಿ ಉದ್ದ ಬೇಕೇ ಬೇಕು. ‘ಅರ್ಧಕ್ಕೆ ಬಿಟ್ಟ ಟ್ರಾನ್ಸಾಕ್ಷನ್’ ಅನ್ನುವ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ. ಅದನ್ನು ಎಲ್ಲಕ್ಕೂ ಬಳಸಬಾರದು. ಎರಡು ಕ್ವೆರಿಗಳ ನಡುವೆ ಅಪ್ಲಿಕೇಶನ್ ಏನೋ ಲೆಕ್ಕ ಹಾಕುತ್ತಿದ್ದರೂ ಸೆಷನ್ ಇದೇ ಸ್ಥಿತಿಯಲ್ಲಿ ಕಾಣುತ್ತದೆ. ‘ಸ್ಟೇಟ್_ಚೇಂಜ್’ ಕಾಲಂ ನೋಡಿ ಕೆಲವು ಮಿಲಿಸೆಕೆಂಡ್ ಆಗಿದ್ದರೆ ಅದು ಮಾಮೂಲು. ಗಂಟೆಗಟ್ಟಲೆ ಆಗಿದ್ದರೆ ಆಗ ಅರ್ಧಕ್ಕೆ ಬಿಟ್ಟದ್ದೇ ಸರಿ. ಅಂಥದ್ದು ಲಾಕ್ ಹಿಡಿದಿರುತ್ತದೆ, ಜೊತೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಬೇಡವಾದ ಹಳೇ ಸಾಲುಗಳನ್ನು ವ್ಯಾಕ್ಯೂಮ್ ಅನ್ನುವ ಶುಚಿ ಮಾಡುವ ಕೆಲಸ ಗುಡಿಸದಂತೆಯೂ ತಡೆಯುತ್ತದೆ. 2016ರ 9.6 ಆವೃತ್ತಿಯಿಂದ ಇಂಥ ಸೆಷನ್‌ಗೆ ಸಮಯದ ಮಿತಿ ಹಾಕುವ ಸೆಟ್ಟಿಂಗ್ ಇದೆ, ಆದರೆ ನಾವಾಗಿ ಹಾಕದಿದ್ದರೆ ಮಿತಿಯೇ ಇರುವುದಿಲ್ಲ.

‘ಕಿಲ್’ ಬಗ್ಗೆಯೂ ಒಂದು ಮಾತು. ಪೋಸ್ಟ್‌ಗ್ರೆಸ್‌ನ ‘ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್’, ಮೈಎಸ್‌ಕ್ಯೂಎಲ್‌ನ ‘ಕಿಲ್ ಕ್ವೆರಿ’ ಇವು ನಡೆಯುತ್ತಿರುವ ಕ್ವೆರಿಯನ್ನಷ್ಟೇ ನಿಲ್ಲಿಸುತ್ತವೆ, ಸೆಷನ್ ಉಳಿಯುತ್ತದೆ. ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’, ‘ಕಿಲ್ ಕನೆಕ್ಷನ್’ ಸೆಷನ್ನನ್ನೇ ಮುಗಿಸುತ್ತವೆ. ಮೊದಲನೆಯದಕ್ಕೆ ‘ಕ್ವೆರಿ ರದ್ದು’, ಎರಡನೆಯದಕ್ಕೆ ‘ಸೆಷನ್ ಕಡಿಯುವುದು’ ಅಂತ ಇಟ್ಟಿದ್ದೇನೆ. ಎರಡಕ್ಕೂ ‘ಕೊಲ್ಲು’ ಅಂದರೆ ಓದುವವರಿಗೆ ಯಾವುದು ಹೋಯಿತು, ಯಾವುದು ಉಳಿಯಿತು ಅಂತ ತಿಳಿಯುವುದಿಲ್ಲ. ಟ್ರಾನ್ಸಾಕ್ಷನ್ ನಡುವೆ ಸುಮ್ಮನಿರುವ ಸೆಷನ್ ಮೇಲೆ ಕ್ವೆರಿ ರದ್ದು ಪ್ರಯೋಗಿಸಿದರೆ ಏನೂ ಆಗುವುದಿಲ್ಲ, ಯಾಕೆಂದರೆ ಅಲ್ಲಿ ರದ್ದು ಮಾಡಲು ನಡೆಯುತ್ತಿರುವ ಕ್ವೆರಿಯೇ ಇಲ್ಲ. ಲಾಕ್ ಹಾಗೇ ಉಳಿಯುತ್ತದೆ. ಅದನ್ನು ಕಡಿಯಲೇಬೇಕು.

ನಿಮ್ಮಿಂದ ನನಗೆ ಬೇಕಾದದ್ದು ಎರಡು. ದಿನವೂ ಇದೇ ಕೆಲಸ ಮಾಡುವವರು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸೆಷನ್ ಬಗ್ಗೆ ಪಕ್ಕದವರಿಗೆ ಕನ್ನಡದಲ್ಲಿ ಹೇಳುವಾಗ ಯಾವ ಮಾತು ಬಳಸುತ್ತೀರಿ? ನನ್ನ ನಾಲ್ಕು ಪದದ ಸಾಲಿಗಿಂತ ಚಿಕ್ಕದು, ಅಷ್ಟೇ ಸ್ಪಷ್ಟವಾದದ್ದು ಇದ್ದರೆ ಬದಲಾಯಿಸುತ್ತೇನೆ. ಇನ್ನೊಂದು, ಒರಾಕಲ್‌ನ ‘ಸ್ನೈಪ್ಡ್’. ಬಳಕೆದಾರರ ಮಿತಿಗಳನ್ನು ಇಡುವ ಪ್ರೊಫೈಲ್‌ನಲ್ಲಿ ಹಾಕಿದ ಐಡಲ್ ಮಿತಿ ಮೀರಿದ ಸೆಷನ್‌ಗೆ ಈ ಗುರುತು ಬೀಳುತ್ತದೆ. ಆದರೆ ಪಟ್ಟಿಯಿಂದ ಅದು ತಕ್ಷಣ ಹೋಗುವುದಿಲ್ಲ. ಬಳಕೆದಾರರು ಮುಂದಿನ ಸಲ ಏನಾದರೂ ಕೇಳಿದಾಗ ‘ಮಿತಿ ಮೀರಿದೆ, ಮತ್ತೆ ಸೇರಿಕೊಳ್ಳಿ’ ಅನ್ನುವ 02396 ಸಂಖ್ಯೆಯ ದೋಷಸೂಚನೆ ಬರುತ್ತದೆ. ಮುಗಿದಿದೆ, ಆದರೆ ಮುಗಿದದ್ದು ಆ ಕಡೆಯವರಿಗೆ ಇನ್ನೂ ಗೊತ್ತಿಲ್ಲ. ಈ ಸ್ಥಿತಿಗೆ ‘ಮಿತಿ ಮೀರಿದ’ ಸಾಕೇ, ಇಲ್ಲ ‘ಸ್ನೈಪ್ಡ್’ ಅಂತಲೇ ಬಿಡುವುದೇ?