ಕಟ್ಟೆ ತಗ್ಗು, ಆಳು ಎತ್ತರ: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಈ ವಾರ ನಮ್ಮ ಬಳಗದ ಪ್ರಶ್ನೆಗಳಿಗೆ ಮಡಿಕೇರಿಯಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಒಬ್ಬರು ಉತ್ತರಿಸಿದ್ದಾರೆ. ಸರಾಸರಿಗಿಂತ ಎತ್ತರದ, ದೊಡ್ಡ ಮೈಕಟ್ಟಿನವರ ದಿನನಿತ್ಯದ ತೊಂದರೆಗಳೇ ಈ ಸಲದ ವಿಷಯ.

ಪ್ರಶ್ನೆ (ಗೋಣಿಕೊಪ್ಪಲು): ನಮಸ್ಕಾರ ಮೇಡಂ. ನನ್ನ ಎತ್ತರ 180 ಸೆಂ.ಮೀ., ಅಂದರೆ 5 ಅಡಿ 11 ಅಂಗುಲ. ಮದುವೆಯಾಗಿ ಈ ಮನೆಗೆ ಬಂದು ನಾಲ್ಕು ವರ್ಷವಾಯಿತು. ಬೆಳಗಿನ ತಿಂಡಿ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಸೊಂಟ ಕಿತ್ತು ಬರುವಷ್ಟು ನೋವು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲಸದವರಿಗೂ ಅಡುಗೆಯಾಗಬೇಕು, ಆಗಂತೂ ರಾತ್ರಿ ಮಗ್ಗುಲು ಬದಲಾಯಿಸಲೂ ಆಗುವುದಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಉದ್ದದ ಹೆಂಗಸರಿಗೆ ಬೆನ್ನುನೋವು ಇದ್ದದ್ದೇ ಎಂದು ಎಲ್ಲರೂ ಹೇಳುತ್ತಾರೆ. ಅಡುಗೆ ಕಟ್ಟೆಯ ಎತ್ತರ 82 ಸೆಂ.ಮೀ. ಅದೇ ಕಟ್ಟೆಯಲ್ಲಿ ಐದಡಿ ಎತ್ತರದ ಅತ್ತೆಗೆ ಏನೂ ತೊಂದರೆಯಿಲ್ಲ.

ಉತ್ತರ: ಆ ಮಾತನ್ನು ದಯವಿಟ್ಟು ನಂಬಬೇಡಿ. ನಿಮ್ಮ ಅತ್ತೆಗೆ ತೊಂದರೆಯಿಲ್ಲ ಎಂಬುದರಲ್ಲೇ ಉತ್ತರವಿದೆ. ನೇರವಾಗಿ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ನಿಮ್ಮದು ಸುಮಾರು 112 ಬರುತ್ತದೆ, ಅತ್ತೆಯವರದು 95ರ ಆಸುಪಾಸು. ತರಕಾರಿ ಹೆಚ್ಚುವಂಥ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿರಬೇಕು. ಆ ಲೆಕ್ಕದಲ್ಲಿ 82 ಅತ್ತೆಗೆ ಅಳೆದು ಕಟ್ಟಿಸಿದಂತಿದೆ. ನಿಮಗೆ ಬೇಕಾದದ್ದು 97ರಿಂದ 102. ಕಡಿಮೆ ಬಿದ್ದ ಆ ಗೇಣುದ್ದವನ್ನು ನಾಲ್ಕು ವರ್ಷದಿಂದ ನಿಮ್ಮ ಸೊಂಟ ತುಂಬಿಕೊಡುತ್ತಿದೆ.

ಪಾತ್ರೆ ತೊಳೆಯುವಾಗಲೇ ನೋವು ಹೆಚ್ಚುವುದಕ್ಕೂ ಕಾರಣವಿದೆ. ಸಿಂಕಿನ ತಳ ಕಟ್ಟೆಗಿಂತ ಇನ್ನೂ 15ರಿಂದ 20 ಸೆಂ.ಮೀ. ಕೆಳಗಿರುತ್ತದೆ. ನಿಮ್ಮ ಕೈ ಕೆಲಸ ಮಾಡುವುದು ಹೆಚ್ಚುಕಡಿಮೆ ನಿಮ್ಮ ತೊಡೆಯ ಮಟ್ಟದಲ್ಲಿ. ಇಂದೇ ಒಂದು ಗಟ್ಟಿ ಪ್ಲಾಸ್ಟಿಕ್ ಟಬ್ಬನ್ನು ಸಿಂಕಿನೊಳಗೆ ಬೋರಲು ಹಾಕಿ, ಅದರ ಮೇಲೆ ಪಾತ್ರೆ ಇಟ್ಟು ತೊಳೆಯಿರಿ. ಕಾಲ ಬುಡದಲ್ಲಿ ಒಂದು ಮಣೆ ಇರಲಿ. ಒಂದು ಪಾದ ಅದರ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಪಾದ. ಹೀಗೆ ನಿಂತರೆ ಸೊಂಟದ ಬಿಗಿ ಸಡಿಲವಾಗುವುದು ಮೊದಲ ದಿನವೇ ಗೊತ್ತಾಗುತ್ತದೆ.

ಇಡೀ ಕಟ್ಟೆಯನ್ನು ಎತ್ತರಿಸಬೇಡಿ. ಹಾಗೆ ಮಾಡಿದರೆ ನಿಮ್ಮ ನೋವು ಅತ್ತೆಯ ಭುಜಕ್ಕೆ ದಾಟುತ್ತದೆ. ಹೆಚ್ಚುವುದಕ್ಕೆ, ಹಿಟ್ಟು ಕಲಸುವುದಕ್ಕೆ ಕಿಟಕಿಯ ಹತ್ತಿರ ನಿಮ್ಮದೇ ಒಂದು ಎತ್ತರದ ಮೇಜು ಇರಲಿ. ಒಲೆ ಇದ್ದಲ್ಲೇ ಇರಲಿ, ಏಕೆಂದರೆ ಒಲೆಯ ಮೇಲೆ ಪಾತ್ರೆ ಕೂತಾಗ ಅದರ ಬಾಯಿ ತಾನಾಗಿಯೇ ಮೇಲೆ ಬರುತ್ತದೆ. ನೂಪುಟ್ಟು (ಒತ್ತು ಶಾವಿಗೆ) ಒತ್ತುವ ಕೆಲಸಕ್ಕೆ ಮಾತ್ರ ತಗ್ಗಿನ ಕಟ್ಟೆಯೇ ಒಳ್ಳೆಯದು. ಕೆಳಮುಖವಾಗಿ ಮೈಭಾರ ಹಾಕಿ ಒತ್ತುವಾಗ ಎತ್ತರದ ಮೇಜು ಭುಜವನ್ನು ಕೊಲ್ಲುತ್ತದೆ.

ಕಾಲು ಜೋಮು ಹಿಡಿಯುವುದು, ಪಾದದ ಶಕ್ತಿ ಕುಂದುವುದು ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ (ವಿರಾಜಪೇಟೆ): ಮೇಡಂ, ಮಗನಿಗೆ ಹದಿನೈದು ವರ್ಷ, 185 ಸೆಂ.ಮೀ. ಎತ್ತರ. ಹಾಕಿ ಆಡುತ್ತಾನೆ. ಅವನ ದೊಡ್ಡಪ್ಪನ ಮಗನ ಮದುವೆಗೆ ಯಾರದೋ ಕುಪ್ಯ (ಕೊಡವ ಗಂಡಸರ ಉದ್ದ ನಿಲುವಂಗಿ) ಇಸಿದುಕೊಂಡು ತೊಡಿಸಿದೆವು. ಅದು ಮಂಡಿಗಿಂತ ಒಂದು ಗೇಣು ಮೇಲೆಯೇ ನಿಂತಿತು. ಬಂದವರೆಲ್ಲ ಅದನ್ನೇ ಎತ್ತಿ ಆಡಿದರು. ಅಂದಿನಿಂದ ಹುಡುಗ ಕುಗ್ಗಿ ನಡೆಯುತ್ತಾನೆ, ಬೆನ್ನು ಗೂನಾಗುತ್ತಿದೆ. ಬೆಲ್ಟ್ ಹಾಕಿಸಬೇಕೇ?

ಉತ್ತರ: ಬೆಲ್ಟ್ ಈಗ ಬೇಡ. ಅವನನ್ನು ಬರಿ ನೆಲದ ಮೇಲೆ ಅಂಗಾತ ಮಲಗಿಸಿ. ಬೆನ್ನು ನೆಲಕ್ಕೆ ಒರಗಿ ನೇರವಾದರೆ ಅದು ರೂಢಿಯ ಬಾಗು, ವ್ಯಾಯಾಮದಿಂದ ತಿದ್ದಬಹುದು. ಮಲಗಿದರೂ ಗೂನು ಹಾಗೆಯೇ ಉಳಿದರೆ ಮೂಳೆ ವೈದ್ಯರಿಗೆ ತೋರಿಸಿ, ಎಕ್ಸ್-ರೇ ಬೇಕಾಗುತ್ತದೆ.

ಅವನ ಹಾಕಿ ಸ್ಟಿಕ್ಕನ್ನೂ ಅಳೆಯಿರಿ. ಸಾಮಾನ್ಯವಾಗಿ ಸಿಗುವುದು 36.5 ಅಂಗುಲದ್ದು. 37.5 ಮತ್ತು 38.5 ಅಂಗುಲದವೂ ಇವೆ. ಕೊಡಗಿನಲ್ಲಿ ಮಕ್ಕಳು ನಡೆಯಲು ಕಲಿತ ಕೂಡಲೇ ಸ್ಟಿಕ್ ಹಿಡಿಯುತ್ತಾರೆ, ಅಣ್ಣನದು ತಮ್ಮನಿಗೆ ಬರುತ್ತದೆ. ಇವನಿಗೆ ಅದು ಸಾಲದು. ಗಿಡ್ಡ ಸ್ಟಿಕ್ಕಿನಲ್ಲಿ ದಿನಕ್ಕೆರಡು ಗಂಟೆ ಓಡುವ ಹುಡುಗ ಬಾಗಿಯೇ ಓಡಬೇಕಾಗುತ್ತದೆ. ಮೂಳೆ ಬೇಗ ಬೆಳೆಯುವ ಈ ವಯಸ್ಸಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗುತ್ತದೆ, ಆಟದ ನಂತರ ಅದನ್ನು ನಿಧಾನವಾಗಿ ಎಳೆದು ಸಡಿಲಿಸುವ ಅಭ್ಯಾಸ ಮಾಡಿಸಿ.

ಇನ್ನೊಂದು ಮಾತು, ಹೆದರಿಸಲು ಹೇಳುತ್ತಿಲ್ಲ. ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯಿರಿ. ಅದು 194 ಸೆಂ.ಮೀ. ದಾಟಿದರೆ, ಅಥವಾ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದಾಗ ಅದರ ಉಗುರು ಕಿರುಬೆರಳಿನ ಪಕ್ಕದಿಂದ ಪೂರ್ತಿ ಆಚೆ ಬಂದರೆ, ವೈದ್ಯರಿಗೆ ತೋರಿಸಿ ಮಾರ್ಫಾನ್ ಸಿಂಡ್ರೋಮ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದರಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗುತ್ತದೆ, ಕಣ್ಣಿನ ಮಸೂರ ಜರುಗಬಹುದು. ಎತ್ತರದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇದು ಇರುವುದಿಲ್ಲ, ತಂದೆತಾಯಿಯ ಎತ್ತರವೇ ಬಂದಿರುತ್ತದೆ. ಆದರೂ ಮೈದಾನದಲ್ಲಿ ಓಡುವ ಹುಡುಗನ ವಿಷಯದಲ್ಲಿ ಅಂದಾಜು ಸಾಲದು.

ಕುಪ್ಯವನ್ನು ಅವನ ಅಳತೆಗೇ ಹೊಲಿಸಿ. ಇನ್ನೂ ಬೆಳೆಯುತ್ತಾನೆ, ಕೆಳಗಿನ ಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಉಳಿಸಲು ದರ್ಜಿಗೆ ಹೇಳಿ. ಮುಂದಿನ ಪುತ್ತರಿ ಸುಗ್ಗಿ ಹಬ್ಬಕ್ಕೆ ಮಂಡಿ ಮುಚ್ಚುವ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆಯ ಪಟ್ಟಿ ಬಿಗಿದು ಅವನು ನಿಂತಾಗ ಬೆನ್ನು ನೋಡಿ. ನಾನು ಕಲಿಸುವ ವ್ಯಾಯಾಮಕ್ಕಿಂತ ಅದು ಹೆಚ್ಚು ಕೆಲಸ ಮಾಡಬಹುದು.

ಪ್ರಶ್ನೆ (ಸಿದ್ದಾಪುರ): ಎಸ್ಟೇಟಿನಲ್ಲಿ ಮೇಲ್ವಿಚಾರಕ. ಆರಡಿ, 128 ಕಿಲೋ. ತೋಟದ ಇಳಿಜಾರಿನಲ್ಲಿ ಇಳಿಯುವಾಗ ಬಲಮಂಡಿ ನೋವು. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಭಯ. ಬಿ.ಪಿ. ಪ್ರತಿ ಸಲ ಬೇರೆ ಬೇರೆ ಬರುತ್ತದೆ.

ಉತ್ತರ: ಕೊನೆಯದನ್ನು ಮೊದಲು ನೋಡೋಣ, ಅದು ಎಲ್ಲಕ್ಕಿಂತ ಮುಖ್ಯ. ನಿಮ್ಮ ತೋಳಿನ ನಡುಭಾಗದ ಸುತ್ತಳತೆ ತೆಗೆಯಿರಿ. 34 ಸೆಂ.ಮೀ. ದಾಟಿದ್ದರೆ ಬಿ.ಪಿ. ನೋಡಲು ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ ನಿಮಗೆ ಚಿಕ್ಕದು. ಚಿಕ್ಕ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಅಳತೆಯ ಪಟ್ಟಿ ಇರುತ್ತದೆ, ಸಂಕೋಚ ಬಿಟ್ಟು ಕೇಳಿ. ಹಾಗೆಂದು, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಸರಿಯಾದ ಪಟ್ಟಿಯಲ್ಲಿ ಕೆಲವು ದಿನ ಅಳೆದು, ಬರೆದಿಟ್ಟು ವೈದ್ಯರಿಗೆ ತೋರಿಸಿ.

ಮಂಡಿಗೆ ಊರುಗೋಲು. ನೋವು ಬಲಗಾಲಿನದ್ದಾದ್ದರಿಂದ ಕೋಲು ಎಡಗೈಯಲ್ಲಿರಲಿ. ಹೆಚ್ಚಿನವರು ನೋವಿರುವ ಕಡೆಯೇ ಹಿಡಿಯುತ್ತಾರೆ, ಅದು ತಪ್ಪು. ಇಳಿಜಾರನ್ನು ನೇರವಾಗಿ ಇಳಿಯದೆ ಓರೆಯಾಗಿ, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಐದು ಕಿಲೋ ಇಳಿಸಿದರೂ ನಿಮ್ಮ ಮಂಡಿಗೆ ತಿಳಿಯುತ್ತದೆ, ಐವತ್ತರ ಮಾತು ಈಗ ಬೇಡ.

ಮದುವೆ ಮನೆಯಲ್ಲಿ ಒಂದರೊಳಗೊಂದು ಕುರ್ಚಿ ಸೇರಿಸಿಕೊಂಡು ಕುಳಿತುಕೊಳ್ಳಿ, ಕಾಲುಗಳು ಮಣ್ಣಿನಲ್ಲಿ ಹೂಳದಂತೆ ಗಟ್ಟಿ ನೆಲ ನೋಡಿಕೊಳ್ಳಿ. ಯಾರಾದರೂ ನಕ್ಕರೆ ಅದು ಅವರ ನಡತೆಯ ಪ್ರಶ್ನೆ.

ಪ್ರಶ್ನೆ (ಮಡಿಕೇರಿ): 6 ಅಡಿ 4 ಅಂಗುಲ. ವಾರಕ್ಕೊಮ್ಮೆ ಮೈಸೂರಿಗೆ ಬಸ್ ಪ್ರಯಾಣ. ಮಂಡಿ ಮುಂದಿನ ಸೀಟಿಗೆ ಒತ್ತುತ್ತದೆ. ಹಳೆಯ ಮನೆಯ ಬಾಗಿಲಿಗೆ ತಲೆ ಬಡಿದುಕೊಳ್ಳುವುದೂ ತಪ್ಪಿಲ್ಲ.

ಉತ್ತರ: ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ, ಒಂದು ಕಾಲಾದರೂ ಚಾಚಬಹುದು. ಕುಶಾಲನಗರದಲ್ಲಿ ಬಸ್ ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಬಾಗಿಲಲ್ಲಿ ತಲೆ ಬಡಿಯುವುದಕ್ಕೆ ಹೊಸ್ತಿಲು ಕಾರಣ. ಹೊಸ್ತಿಲು ದಾಟಲು ಕಣ್ಣು ಕೆಳಗೆ ಹೋಗುತ್ತದೆ, ಆ ಕ್ಷಣಕ್ಕೇ ಹಣೆ ಮೇಲಿನ ಮರಕ್ಕೆ ತಗಲುತ್ತದೆ. ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ತೋರಣದ ಎಲೆಗಳನ್ನು ಇಳಿಬಿಡಿ, ಮರ ತಗಲುವ ಮೊದಲು ಎಲೆ ತಗಲಿ ಎಚ್ಚರಿಸುತ್ತದೆ.

ಗೋಣಿಕೊಪ್ಪಲಿನಿಂದ ಮತ್ತೆ: ಮೇಡಂ, ಅಳೆದೆ. ನನ್ನದು 113, ಅತ್ತೆಯವರದು 95. ಟಬ್ ಬೋರಲು ಹಾಕಿದ್ದೇನೆ. ಅತ್ತೆಯೇ ಬಡಗಿಗೆ ಫೋನ್ ಮಾಡಿ ಮೇಜಿನ ಅಳತೆ ಕೇಳುತ್ತಿದ್ದಾರೆ. ಎಷ್ಟು ಹೇಳಲಿ?

ಉತ್ತರ: 100 ಸೆಂ.ಮೀ. ಹೇಳಿ. ಕಾಲು ಅಲುಗಾಡದಂತೆ ಕೆಳಗೆ ಅಡ್ಡಪಟ್ಟಿ ಹೊಡೆಸಿ, ನೆಲದಿಂದ ಒಂದು ಗೇಣು ಮೇಲಿರಲಿ. ನಿಂತಾಗ ಪಾದ ಇಡಲು ಅದೇ ಆಗುತ್ತದೆ, ಬೇರೆ ಮಣೆ ಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.