ರೀಮ್ಯಾಪ್ ಮಾಡಿದ ಕಾರು: ನಾಲ್ಕೂ ಕಾಯಿಲ್ ಬದಲಿಸಬೇಕಾ?

ಪ್ರಶ್ನೆ: ನನ್ನದು ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ ಟರ್ಬೊ ಪೆಟ್ರೋಲ್ ಕಾರು. ಚಾರ್ಮಾಡಿ ಘಾಟಿ ಹತ್ತುವಾಗ ಜರ್ಕ್ ಹೊಡೆಯಿತು, ಚೆಕ್ ಎಂಜಿನ್ ಲೈಟ್ ಮಿನುಗಿತು. ಸ್ಕ್ಯಾನರ್‌ನಲ್ಲಿ ಪಿ0302 ಕೋಡ್ (ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ) ಬಂದಿದೆ. ನಾಲ್ಕೂ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಹೊಸದು ಹಾಕಿಸಬೇಕಾ?

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ ಸರ್. ಎಂಜಿನ್ ತಣ್ಣಗಾದ ಮೇಲೆ ಎರಡನೇ ಸಿಲಿಂಡರ್‌ನ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ. ಪಿ0303 (ಮೂರನೇ ಸಿಲಿಂಡರ್ ಮಿಸ್‌ಫೈರ್) ಬಂದರೆ ತೊಂದರೆ ಕಾಯಿಲ್ ಜೊತೆಗೇ ಸರಿದಿದೆ, ಅಂದರೆ ಕಾಯಿಲೇ ಹೋಗಿದೆ. ಪಿ0302 ಹಾಗೇ ಇದ್ದರೆ ಪ್ಲಗ್, ಇಂಜೆಕ್ಟರ್ ನೋಡಬೇಕು. ಕಾಯಿಲ್ ಎಳೆದಾಗ ಅದರ ರಬ್ಬರ್ ಬೂಟ್ (ಪ್ಲಗ್ ಮೇಲೆ ಕೂರುವ ಕೊಳವೆ) ಒಳಗೆ ಬೆರಳಾಡಿಸಿ. ಎಣ್ಣೆ ಅಂಟಿದರೆ ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲಿನ ಮುಚ್ಚಳದ ಸೀಲ್) ಸೋರುತ್ತಿದೆ ಅಂತ.

ಇನ್ನೊಬ್ಬರು: ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) ಜಾಸ್ತಿಯಾದರೆ ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ದೊಡ್ಡದಿದ್ದರೆ ಹೊಸ ಕಾಯಿಲೂ ಬಾಳಲ್ಲ. ರೀಮ್ಯಾಪ್ ಮಾಡಿದ ಟ್ಯೂನರ್ ಹೇಳಿದ ಗ್ಯಾಪ್ ಇಡಿ.

ಪ್ರಶ್ನೆ ಕೇಳಿದವರು: ಪಿ0303 ಬಂತು! ಒಂದು ಕಾಯಿಲ್, ನಾಲ್ಕು ಪ್ಲಗ್ ತರಿಸುತ್ತಿದ್ದೇನೆ.