ಅಪ್‌ಡೇಟ್: ಮರದ ನೆಲದ ಮೇಲೆ ಟೈಲ್ಸ್ ಹಾಕುವ ಮುನ್ನಿನ ಕೆಲಸ

ನ್ಯೂಜೆರ್ಸಿಯ ನಮ್ಮ ಹಳೆಯ ಮರದ ಚೌಕಟ್ಟಿನ ಮನೆಯಲ್ಲಿ, ಮಹಡಿಯ ಬಚ್ಚಲುಮನೆಯ ಪ್ಲೈವುಡ್ ನೆಲದ ಮೇಲೆ ನೇರವಾಗಿ ಸೆರಾಮಿಕ್ ಟೈಲ್ಸ್ ಹಾಕಬಹುದೇ ಎಂದು ಕೇಳಿದ್ದೆ. ಮೊದಲು ನೆಲ ಎಷ್ಟು ಬಾಗುತ್ತದೆಂದು ನೋಡಿ ಎಂದು ಹೆಚ್ಚಿನವರು ತಿಳಿಸಿದ್ದಿರಿ. ಕೆಲಸ ಅದರಂತೆಯೇ ನಡೆದಿದೆ.

ನೆಲವನ್ನು ಹೊರುವ ಮರದ ತೊಲೆಗಳು 16 ಇಂಚಿಗೊಂದರಂತೆ ಇವೆ. ಅವುಗಳ ಅಳತೆಯನ್ನು ಲೆಕ್ಕ ಹಾಕಿದಾಗ ಬಾಗುವಿಕೆಯು ಸೆರಾಮಿಕ್‌ಗೆ ಒಪ್ಪಿತವಾದ, ಅಂದರೆ ಉದ್ದದ 360ರಲ್ಲಿ ಒಂದು ಪಾಲಿನ ಮಿತಿಯೊಳಗೇ ಇತ್ತು. ನೈಸರ್ಗಿಕ ಕಲ್ಲಿಗೆ 720ರಲ್ಲಿ ಒಂದು ಪಾಲಿನ ಬಿಗಿ ಬೇಕಾಗುವುದರಿಂದ ಗ್ರಾನೈಟ್ ಆಸೆಯನ್ನು ಕೈಬಿಟ್ಟೆವು. (ಊರಿನ ಕಾಂಕ್ರೀಟ್ ಸ್ಲ್ಯಾಬಿನ ಮೇಲಾದರೆ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ.)

ಕಮೋಡಿನ ಸುತ್ತಲಿನ ಪ್ಲೈವುಡ್ ಕಪ್ಪಾಗಿದ್ದು, ಸ್ಕ್ರೂಡ್ರೈವರ್ ಚುಚ್ಚಿದರೆ ತುದಿ ಸಲೀಸಾಗಿ ಇಳಿಯುತ್ತಿತ್ತು. ಆ ಭಾಗವನ್ನು ತೊಲೆಯ ನಡುಗೆರೆಯವರೆಗೆ ಕತ್ತರಿಸಿ ತೆಗೆದು, ಅಂಚುಗಳಿಗೆ ಮರದ ಆಸರೆ ಕೊಟ್ಟು, ಅಷ್ಟೇ ದಪ್ಪದ ಹೊಸ ಹಲಗೆ ಕೂರಿಸಿದೆವು. ಕಿರುಗುಡುತ್ತಿದ್ದ ಕಡೆ ಹಳೆಯ ಮೊಳೆಗಳ ಪಕ್ಕದಲ್ಲಿ ಸ್ಕ್ರೂ ಬಿಗಿದ ಮೇಲೆ ಸದ್ದು ನಿಂತಿತು.

ಅನಂತರ ಪ್ಲೈವುಡ್ಡಿನ ಮೇಲೆ, ಟೈಲ್ಸ್‌ಗೆ ತಳವಾಗಿ, ಕಾಲು ಇಂಚಿನ ಸಿಮೆಂಟ್ ಬೋರ್ಡ್. ಸ್ಕ್ರೂ ಹಾಕುವಾಗ ಅದರ ಕೆಳಗೆ ಥಿನ್‌ಸೆಟ್ ಗಾರೆ (ಟೈಲ್ಸ್ ಅಂಟಿಸಲು ಬಳಸುವ ತೆಳು ಸಿಮೆಂಟ್ ಗಾರೆ) ಏಕೆ ಎಂದು ಒಬ್ಬರು ಕೇಳಿದ್ದರು: ಅದರ ಮುಖ್ಯ ಕೆಲಸ ಅಂಟಿಸುವುದಲ್ಲ, ಬೋರ್ಡಿನಡಿಯ ಟೊಳ್ಳನ್ನು ತುಂಬುವುದು. ಹಲ್ಲಿರುವ ಕರಣೆಯಿಂದ ಗಾರೆ ಹರಡಿ, ಅದು ಹಸಿಯಿರುವಾಗಲೇ 8 ಇಂಚಿಗೊಂದರಂತೆ ಸ್ಕ್ರೂ ಹಾಕಿ, ಬೋರ್ಡಿನ ಸಂದುಗಳು ಪ್ಲೈವುಡ್ಡಿನ ಸಂದುಗಳ ಮೇಲೆಯೇ ಬಾರದಂತೆ ನೋಡಿಕೊಂಡೆವು. ಸಂದುಗಳಿಗೆ ಕ್ಷಾರ ತಾಳುವ ಜಾಲರಿ ಪಟ್ಟಿ ಹಾಕಿ ಗಾರೆ ತುಂಬಿದೆ. ಈ ಬೋರ್ಡ್ ನೀರಿಗೆ ಕೊಳೆಯದಿದ್ದರೂ ನೀರನ್ನು ತಡೆಯುವುದಿಲ್ಲವಾದ್ದರಿಂದ ಈಗ ಜಲನಿರೋಧಕ ಲೇಪನ ಬಳಿಯಲಾಗಿದ್ದು, ಅದು ಒಣಗಿದೊಡನೆ ಟೈಲ್ಸ್ ಕೆಲಸ ಆರಂಭವಾಗಲಿದೆ.